ದವಾಖಾನೆಯ ಬಾಗಿಲಲ್ಲಿ ಗುಟನ್ ಟಾಗ್

ಕಳೆದ ವಾರ ಹಲ್ಲುನೋವು ತಡೆಯಲಾಗದೆ ಪುಣೆಯ ಶಿವಾಜಿನಗರದ ಹಲ್ಲಿನ ಡಾಕ್ಟರರ ಹತ್ತಿರ ಹೋಗಿದ್ದೆ. ಬಾಗಿಲು ತಳ್ಳಿದ ಕೂಡಲೇ ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಗಳಿಗೆ ನೋವೇ ಮರೆತುಹೋಯಿತು. ಕಾಕು ನೆನಪಾದರು...

ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾನು ಪುಣೆಗೆ ಬಂದ ಹೊಸತು. ನಾನು ಬಾಡಿಗೆಗಿದ್ದ ಕೋಣೆಯ ಕೆಳಗಿನ ಮನೆಯಲ್ಲಿ ಅವರೊಬ್ಬರೇ ಇದ್ದರು. ಧಾರವಾಡದ ಕಡೆಯವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಕ್ಕಪಕ್ಕದ ಮರಾಠಿ ಮಂದಿ ಕರೆದಂತೆ ನಾನೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮೆಟ್ಟಿಲ ಮೇಲೆ ನಿಂತು ನಾನು ಅವ್ವನ ಜೊತೆ ಫೋನಿನಲ್ಲಿ ಜಗಳಾಡುವುದನ್ನು ಕೇಳಿಸಿಕೊಂಡು, "ನಮ್ಮ ಕಡೀಯಾಕಿ ಏನವಾ? ಬಾ, ಚಹಾ ಕುಡದು ಹೋಗು" ಎಂದು ಕರೆದಿದ್ದರು. ಆ ಊರಿನಲ್ಲಿ ನನ್ನನ್ನು ಮೊದಲು ಒಳಗೆ ಕರೆದವರು ಅವರೇ.

ತರಬೇತಿಗೆಂದು ಕಂಪನಿ ನನ್ನನ್ನು ಜರ್ಮನಿಗೆ ಕಳಿಸುತ್ತದೆ ಎಂದಾಗ ಕಾಕು ಹಿಗ್ಗಿ ಹೀರೇಕಾಯಿಯಾದರು. ಅವರ ಗಂಡನೂ ಕಾರ್ಖಾನೆಯ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದವರು. ಮದುವೆಯಾದ ಹೊಸತರಲ್ಲಿ ಸಣ್ಣದೊಂದು ಊರಿನಲ್ಲಿ ಕೆಲವು ವರ್ಷ ಸಂಸಾರ ಹೂಡಿದ್ದರಂತೆ. "ಜರ್ಮನ್ ನಾ ಕಲಸ್ತೀನಿ" ಎಂದರು. ನನಗೋ ಇಂಗ್ಲಿಷಿನ ಜಂಬ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಎಲ್ಲಿ ಬಿಟ್ಟರೂ ಬದುಕಿ ಬರುತ್ತೇನೆ ಎಂದೆ.

"ಇಂಗ್ಲಿಷ್‌ನ್ಯಾಗ ಕೆಲಸ ಆಗ್ತಾವವಾ. ಆದ್ರ ಅಲ್ಲಿ ಸಂಜೀ ಹೊತ್ತು ಭಾಳ ಉದ್ದ" ಎಂದರು.

ಮೊದಲ ಪಾಠದಲ್ಲಿ ಅಕ್ಷರವಿಲ್ಲ, ಅಂಕಿಯಿಲ್ಲ. ನನ್ನನ್ನು ಬಾಗಿಲಾಚೆ ಕಳಿಸಿ, ಮತ್ತೆ ಒಳಗೆ ಬಂದು ಖಾಲಿ ಕುರ್ಚಿಗಳಿಗೆಲ್ಲ "ಗುಟನ್ ಟಾಗ್" ಎನ್ನಲು ಹೇಳಿದರು. ಜರ್ಮನ್ನಿನಲ್ಲಿ ಅದು ನಮ್ಮ ನಮಸ್ಕಾರವಿದ್ದ ಹಾಗೆ. ನಾನು ಅಂದ ಮೇಲೆ ಕಾಕು ಒಂದೊಂದೇ ಕುರ್ಚಿಯಲ್ಲಿ ಕೂತು ಉತ್ತರ ಕೊಡುತ್ತಿದ್ದರು. ಒಂದರಲ್ಲಿ ಗೊಗ್ಗರು ದನಿಯ ಮುದುಕ, ಇನ್ನೊಂದರಲ್ಲಿ ಕೂಸು ಎತ್ತಿಕೊಂಡ ಹೆಂಗಸು. "ದನಿ ಸಣ್ಣ ಆತು, ಮತ್ತ ಬಾ" ಎಂದು ಹೊರಗಟ್ಟುತ್ತಿದ್ದರು. ದಿನಾ ಇದೇ ನಾಟಕ. ವ್ಯಾಕರಣಕ್ಕೆ ಬಂದ ಮೇಲೂ ಕಷ್ಟ ತಪ್ಪಲಿಲ್ಲ. ಇಂಗ್ಲಿಷಿನ ಹಾಗೇ ಇದೆ ಎಂದು ನಂಬಿ ಕಾಲಿಟ್ಟರೆ ಈ ಭಾಷೆ ಮುಗ್ಗರಿಸಿ ಬೀಳಿಸುತ್ತದೆ ಎಂದು ಗೊಣಗಿದೆ. "ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದಳಂತ" ಎಂದು ನಕ್ಕರು.

ಆ ಕುರ್ಚಿಗಳ ಕಥೆಯನ್ನು ಒಂದು ಸಂಜೆ ತಾವಾಗಿಯೇ ಹೇಳಿದರು. ಆ ಊರಿನಲ್ಲಿ ಗಂಡ ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಅಲ್ಲಿಯವರೆಗೆ ಇವರ ಜೊತೆ ಮಾತಾಡುವ ನರಪಿಳ್ಳೆಯೂ ಇಲ್ಲ. ಒಮ್ಮೆ ದವಡೆ ಹಲ್ಲು ನೋವೆಂದು ದವಾಖಾನೆಗೆ ಹೋದರು. ಒಳಗೆ ಬಂದವರು ಕೂತವರಿಗೆಲ್ಲ ನಮಸ್ಕಾರ ಹೇಳುವುದು, ಕೂತವರು ತಿರುಗಿ ಹೇಳುವುದು ಅಲ್ಲಿನ ರೂಢಿಯಂತೆ. ಗುರುತು ಪರಿಚಯ ಬೇಕಿಲ್ಲ. ಇವರು ಹೆದರುತ್ತಲೇ "ಗುಟನ್ ಟಾಗ್" ಎಂದರು.

"ಇಡೀ ಕೋಣಿಗೆ ಕೋಣೀನ ನನ್ನ ಮಾತಾಡ್ಸಿಬಿಡ್ತವಾ."

ಹಲ್ಲು ವಾಸಿಯಾದ ಮೇಲೂ ಕಾಕು ಅಲ್ಲಿಗೆ ಹೋಗುತ್ತಿದ್ದರಂತೆ. ನಮಸ್ಕಾರ ಹೇಳಿ, ಹೇಳಿಸಿಕೊಂಡು, ಸ್ವಲ್ಪ ಹೊತ್ತು ಕೂತು ಎದ್ದುಬರುವುದು. ಕೌಂಟರಿನ ಹೆಂಗಸಿಗೆ ತಿಳಿದಿತ್ತು, ಆದರೆ ಏನೂ ಅನ್ನುತ್ತಿರಲಿಲ್ಲ. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಚಹಾ ನೋಡುತ್ತೇನೆಂದು ಎದ್ದು ಒಳಗೆ ಹೋದರು. ಚಹಾ ಆಗಲೇ ಕುಡಿದಾಗಿತ್ತು...

ಹೊರಡುವ ದಿನ ಒಂದೇ ಒಂದು ಕೇಳಿಕೊಂಡರು. "ಯಾವ ಊರಾಗಾದ್ರೂ ಆಗ್ಲಿ, ಒಮ್ಮೆ ಹಂಗ ಹೇಳಿ ನೋಡು. ಈಗೂ ತಿರುಗಿ ಅಂತಾರೋ ಇಲ್ಲೋ, ಬಂದು ನನಗ ಹೇಳು."

ಅಲ್ಲಿ ಬ್ರೆಡ್ಡಿನ ಅಂಗಡಿಯಲ್ಲಿ, ರೈಲಿನಲ್ಲಿ, ಕಾರ್ಖಾನೆಯಲ್ಲಿ ನಾನು ಅರ್ಧ ವಾಕ್ಯ ಜರ್ಮನ್ ಆಡುವಷ್ಟರಲ್ಲಿ ಎದುರಿನವರು ಇಂಗ್ಲಿಷಿಗೆ ತಿರುಗಿಬಿಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಬೇಕಾದ್ದು ಕೈಗೆ ಬರುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತಿದ್ದವು. ಕೋಣೆಯಲ್ಲಿ ನೀರು ಕಾಯುವ ಸದ್ದೊಂದೇ. ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದಿರಲಿಲ್ಲ.

ಕೊನೆಗೆ ಕೆಮ್ಮು ನೆಪವಾಯಿತು. ಡಾಕ್ಟರರ ಬಾಗಿಲು ತೆಗೆದು, ದನಿ ಸಣ್ಣದಾಗದ ಹಾಗೆ "ಗುಟನ್ ಟಾಗ್" ಎಂದೆ. ಪೇಪರ್ ಹಿಡಿದ ಮುದುಕ, ಮಗುವಿನ ತಾಯಿ, ಕಿಟಕಿಯ ಪಕ್ಕದ ಹುಡುಗಿ, ಎಲ್ಲರೂ ತಿರುಗಿ ಹೇಳಿದರು. ಯಾರೂ ಇಂಗ್ಲಿಷಿಗೆ ತಿರುಗಲಿಲ್ಲ. ಮರುಗಳಿಗೆ ತಂತಮ್ಮ ಪಾಡಿಗೆ ಸುಮ್ಮನಾದರು. ನಾನು ಮೂಲೆಯಲ್ಲಿ ಕೂತು ಕರ್ಚೀಫು ಹುಡುಕಿದೆ. ಕೆಮ್ಮಿಗಲ್ಲ.

ಪುಣೆಗೆ ಬಂದವಳೇ ಬ್ಯಾಗು ಮೆಟ್ಟಿಲ ಮೇಲೆ ಬಿಟ್ಟು, ಅಲ್ಲಿ ಯಾರ್ಯಾರು ಕೂತಿದ್ದರು ಎಂಬುದನ್ನೂ ಸೇರಿಸಿ ಕಾಕುವಿಗೆ ಎಲ್ಲ ಹೇಳಿದೆ.

"ಎಲ್ಲಾರೂ ಅಂದ್ರು?"

"ಎಲ್ಲಾರೂ, ಕಾಕು."

"ಪೇಪರ್ ಓದಾಂವಾನೂ?"

"ಪೇಪರ್ ಕೆಳಗಿಳಿಸಿ, ಗುಟನ್ ಟಾಗ್ ಅಂದ್ರು."

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾದ್ರ ನಾ ಕನಸು ಕಂಡಿದ್ದಿಲ್ಲ" ಎಂದರು.

ಮುಂದೆ ಅವರಿಗೆ ಹಲ್ಲುನೋವು ಬಂದಾಗ ಇದೇ ಶಿವಾಜಿನಗರದ ದವಾಖಾನೆಗೆ ಕರೆತಂದಿದ್ದೆ. ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ "ನಮಸ್ಕಾರ" ಎಂದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅಜ್ಜಿ ಎಲೆಕ್ಷನ್ನಿಗೆ ನಿಂತಿದ್ದಾರಾ ಎಂದು ಒಬ್ಬಾತ ಮರಾಠಿಯಲ್ಲಿ ನನ್ನನ್ನೇ ಕೇಳಿದ. ಕಾಕುವಿನ ಮುಖ ಸಣ್ಣದಾಯಿತು. ಮುಂದಿನ ಸಲ ನಾನು ಮೊದಲೇ ಒಳಗೆ ಹೋಗಿ, ಯಾರೋ ಏನೋ ಎಂಬಂತೆ ಮೂಲೆಯಲ್ಲಿ ಕೂತೆ. ಅವರು ಆಮೇಲೆ ಬಂದು "ಗುಟನ್ ಟಾಗ್" ಎಂದರು. ನಾನೊಬ್ಬಳೇ ಗಟ್ಟಿಯಾಗಿ ತಿರುಗಿ ಹೇಳಿದೆ. ಮಂದಿಯೆಲ್ಲ ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿದರು. ಕಾಕು ಎದುರಿನ ಮೂಲೆಯಲ್ಲಿ ಕೂತು, ಬಾತ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು, ಕರೆ ಬರುವವರೆಗೂ ನಗುತ್ತಿದ್ದರು.

ಕೊನೆಯ ಸಲ ನೋಡಿದ್ದು ದೊಡ್ಡಾಸ್ಪತ್ರೆಯಲ್ಲಿ. ಕಣ್ಣು ಮುಚ್ಚಿದ್ದವು. ಬಾಗಿಲಿನಿಂದಲೇ "ಗುಟನ್ ಟಾಗ್, ಕಾಕು" ಎಂದೆ. ದನಿ ಸಣ್ಣದಾಯಿತೇನೋ ಎಂದು ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಜೋರಾಗಿ ಹೇಳಿದೆ. ನರ್ಸ್ ನನ್ನ ಹೆಗಲ ಮೇಲೆ ಕೈಯಿಟ್ಟಳು...

ಕಳೆದ ವಾರ ಆ ದವಾಖಾನೆಯಲ್ಲಿ, ಅಂದು ನಾನು ಕೂತಿದ್ದ ಮೂಲೆಯ ಕುರ್ಚಿ ಖಾಲಿಯಿತ್ತು. ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದರು. ನಮಸ್ಕಾರ ಹೇಳಲು ನನಗೂ ಬಾಯಿ ಬರಲಿಲ್ಲ, ಹೋಗಿ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಕೆನ್ನೆ ಹಿಡಿದುಕೊಂಡ ವಯಸ್ಸಾದ ಹೆಂಗಸೊಬ್ಬರು ಒಳಗೆ ಬಂದರು. ಅವರು ಏನೂ ಅನ್ನಲಿಲ್ಲ. ಆದರೂ ನಾನು ಗಟ್ಟಿಯಾಗಿ, "ಗುಟನ್ ಟಾಗ್" ಎಂದುಬಿಟ್ಟೆ.

ಯಾರಿಗೆ ಹೇಳಿದೆನೋ ಎಂದು ಅವರು ತಿರುಗಿ ತಮ್ಮ ಹಿಂದೆ ನೋಡಿದರು. ನಾನೂ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.