ಕೊಂಬಿಲ್ಲದ ಚಿಗರಿ

ಆಂಟಿಯ ಬಲ ಭುಜದ ಮೇಲೆ, ರವಿಕೆಯ ಅಂಚಿಗೆ ಒತ್ತಿಕೊಂಡು, ಅಂಗೈ ಅಗಲದ ಒಂದು ಪೆಟ್ಟಿನ ಗುರುತಿತ್ತು. ನಡುವೆ ನೇರಳೆ, ಅಂಚಿಗೆ ಬರುತ್ತ ಹಸಿರು ಹಳದಿ. ಆಸ್ಟಿನ್‌ಗೆ ಉತ್ತರದ ಲಿಟಲ್ ಎಲ್ಮ್‌ನಲ್ಲಿ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ರಾಜ್ಯೋತ್ಸವದ ಊಟ ನಡೆದಿತ್ತು. ಆಂಟಿ ಬಗ್ಗಿ ಬಿಸಿಬೇಳೆಬಾತ್ ಬಡಿಸುವಾಗ ಎರಡೂ ಭುಜಕ್ಕೆ ಹೊದ್ದಿದ್ದ ಸೆರಗು ಜಾರಿತು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರೆಲ್ಲ ನೋಡಿದೆವು, ನೋಡದವರಂತೆ ಮುಂದೆ ಹೋದೆವು.

ಮೊಸರನ್ನದ ಹೊತ್ತಿಗೆ ಪಿಸುಮಾತು ಶುರುವಾಯಿತು.

"ಅಂಕಲ್ ನೋಡಕ್ಕೆ ಎಷ್ಟು ಸಾಧು ಅಲ್ವಾ?"

"ಸಾಧು ಥರ ಇರೋರ ಮೇಲೇ ನಂಗೆ ಡೌಟು ಕಣ್ರೀ."

ಆಂಟಿಯದು ನಮ್ಮ ಪಕ್ಕದ ಮನೆ. ಗದಗಿನ ಕಡೆಯವರು, ಇಲ್ಲೇ ಪಕ್ಕದೂರಾದ ಲೂಯಿಸ್‌ವಿಲ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅಂಕಲ್ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಆದರೂ ಆ ರಾತ್ರಿ ಪಾತ್ರೆ ತೊಳೆಯುವಾಗ ಅವರ ಮನೆಯ ಕಡೆಗೇ ಕಿವಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಅಂಕಲ್ ಟಪಾಲು ತೆಗೆಯಲು ಹೊರಗೆ ಬಂದಾಗ ಎದುರಿಗೇ ಹೋಗಿ ಕೇಳಿಬಿಟ್ಟೆ: "ಅಂಕಲ್, ಆಂಟಿ ಭುಜಕ್ಕೆ ಏನಾಗಿದೆ?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಏನು ಕೇಳುತ್ತಿದ್ದೇನೆ ಎಂಬುದು ಅವರಿಗೆ ತಡವಾಗಿ ಹೊಳೆದಿರಬೇಕು, ಕಿವಿ ಕೆಂಪಾಯಿತು. "ಬಾರವಾ, ಅಕೀನ್ನ ಕೇಳು" ಎಂದು ಒಳಗೆ ಕರೆದೊಯ್ದರು.

ಆಂಟಿ ಗ್ಯಾರೇಜಿನಲ್ಲಿದ್ದರು. ಅಲ್ಲಿ ಬೀಗ ಹಾಕಿದ ಒಂದು ಕಬ್ಬಿಣದ ಬೀರು, ಪಕ್ಕದಲ್ಲಿ ಮಲಗಿಸಿಟ್ಟ ಬಿಳಿ ಫ್ರೀಜರ್. ಬೀರು ತೆಗೆದು ರೈಫಲ್ ತೋರಿಸಿದರು. ಬೇಟೆಗೆ ಮುಂಚೆ ಗುರಿ ಸರಿಮಾಡಿಕೊಳ್ಳಲು ಒಂದೇ ಸಮ ಹೊಡೆದು, ಅದರ ಹಿಂಬದಿ ಭುಜಕ್ಕೆ ಒದ್ದು ಒದ್ದು ಬಿದ್ದ ಪೆಟ್ಟಂತೆ.

"ನಮ್ಮ ಮನಿಯವರು ಹೊಡೀತಾರ ಅಂದ್ಕೊಂಡ್ಯಾ? ಅವರಿಗೆ ಹೊಡ್ಯಾಕ ಬಂದಿದ್ರ ಬಂದೂಕ ಅವರ ಕೈಯಾಗs ಕೊಡ್ತಿದ್ದೆ!" ಎಂದು ನಕ್ಕರು. ನಗು ನಿಂತ ಮೇಲೆ ಹೇಳಿದರು: "ಎಲ್ಲಾರೂ ನೋಡಿದ್ರು ತಂಗಿ. ಕೇಳಾಕ ನೀ ಒಬ್ಬಾಕಿ ಬಂದಿ."

ನನ್ನ ಅನುಮಾನ ಅಲ್ಲಿಗೇ ಮುಗಿಯಲಿಲ್ಲ, ಫ್ರೀಜರ್ ಕಡೆಗೆ ತಿರುಗಿತು. ಆ ವರ್ಷದ ಹೊಸತೊಡಕಿಗೆ ಅವರ ಮನೆಯಿಂದ ಕೈಮಾ ಉಂಡೆ ಬಂದಿತ್ತು. ನಮ್ಮ ಯಜಮಾನರು ಬೆರಳು ನೆಕ್ಕಿಕೊಂಡು ತಿಂದಿದ್ದರು.

"ಆಂಟಿ, ಅದು ಮಟನ್ ತಾನೇ?"

"ಮಟನ್ ಅಂತ ನಾ ಯಾವಾಗ ಹೇಳೇನಿ?"

ಅದು ಜಿಂಕೆಯ ಮಾಂಸ. ಜಿಂಕೆಗೆ ಅವರು ಚಿಗರಿ ಎನ್ನುತ್ತಿದ್ದರು. ಲ್ಯಾಬಿನ ಗೆಳತಿಯೊಬ್ಬಳು ಬೇಟೆ ಕಲಿಸಿದ ಮೇಲೆ ಅಂಗಡಿಯ ಮಾಂಸ ಬಿಟ್ಟಿದ್ದರು. ಸೂಪರ್‌ಮಾರ್ಕೆಟ್‌ಗೆ ಜೊತೆಯಾಗಿ ಹೋದರೆ ಮಾಂಸದ ಸಾಲಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಪ್ಲಾಸ್ಟಿಕ್ಕಿನೊಳಗಿನ ಕೆಂಪು ಬಣ್ಣ ನೋಡಿ, "ಸತ್ತ ಮ್ಯಾಲೂ ಇಷ್ಟ ಲಕಲಕ ಅಂತೈತಿ ಅಂದ್ರ ಏನೋ ಹಚ್ಚ್ಯಾರ" ಎನ್ನುತ್ತಿದ್ದರು. ಕೊತ್ತಂಬರಿಯನ್ನೂ ನಂಬುತ್ತಿರಲಿಲ್ಲ, ಕಟ್ಟು ಬಿಚ್ಚಿ ನಡುವಿನ ಎಲೆ ಮೂಸಿಯೇ ಬುಟ್ಟಿಗೆ ಹಾಕುತ್ತಿದ್ದುದು. ಹೀಗೆ ಎಲ್ಲದರ ಮೇಲೂ ಸಂಶಯಪಡುವವರ ಜೊತೆ ಬಾಳುವುದು ಕಷ್ಟ ಎಂದು ಅಂಕಲ್ ಮೇಲೆ ಕನಿಕರಪಟ್ಟಿದ್ದೇನೆ.

ಅವರು ಬೇಟೆಗೆ ಹೋಗುತ್ತಿದ್ದುದು ಆಸ್ಟಿನ್‌ನಿಂದ ಪಶ್ಚಿಮಕ್ಕಿರುವ, ಬೇಲಿ ಹಾಕಿದ ನೂರಾರು ಎಕರೆ ಹುಲ್ಲುಗಾವಲಿನ ಒಂದು ರ‍್ಯಾಂಚ್‌ಗೆ. ಅದರ ಮುದಿ ಯಜಮಾನ ಕೊಂಬಿನ ಗಂಡುಗಳನ್ನು ದೊಡ್ಡ ದುಡ್ಡು ತೆತ್ತು ಬರುವವರಿಗಾಗಿ ಕಾಯ್ದಿಟ್ಟಿದ್ದ. ಹೆಣ್ಣುಗಳು ಹೆಚ್ಚಾಗಿ ಮೇವು ಸಾಲದಾಗುತ್ತಿತ್ತು, ಅದಕ್ಕೆ ಆಂಟಿಗೆ ಹೆಣ್ಣು ಹೊಡೆಯಲು ಮಾತ್ರ ಅನುಮತಿ. ಗಂಡುಮರಿಯೊಂದು ತಪ್ಪಿ ಬಿದ್ದರೂ ಅವತ್ತೇ ಗೇಟು ಮುಚ್ಚುತ್ತೇನೆ ಎಂದು ಮೊದಲ ದಿನವೇ ಹೇಳಿದ್ದನಂತೆ. ಗೇಟು ಮುಚ್ಚಿದರೆ ಆಂಟಿಗೆ ವರ್ಷವಿಡೀ ಮಾಂಸವಿಲ್ಲ.

ಅದೇ ಡಿಸೆಂಬರಿನಲ್ಲಿ ನನ್ನನ್ನೂ ಕರೆದೊಯ್ದರು. ದಾರಿಯುದ್ದಕ್ಕೂ ಅಂಕಲ್‌ದು ಒಂದೇ ರಾಗ. ಟಿವಿಯ ಮೇಲಿನ ಗೋಡೆ ಖಾಲಿ ಇದೆ, ಒಮ್ಮೆ ಆ ಮುದುಕನಿಗೆ ದುಡ್ಡು ಕೊಟ್ಟು ಕೊಂಬಿನದನ್ನೇ ಹೊಡೆಯಬಾರದೇ ಎಂದು.

"ಕೊಂಬು ಕುದಿಸಿ ಉಣ್ತೀರೇನ್ರೀ?"

"ನೋಡಾಕ ಚಂದ ಇರತೈತಿ ಅಂದೆ."

"ಅದs ನೋಡ್ರಿ. ಕೊಂಬು ಕಂಡ ಕೂಡ್ಲೆ ಮನಶ್ಯಾ ಉಳಿದದ್ದು ನೋಡಂಗಿಲ್ಲ."

ಅಂಕಲ್ ಗಾಡಿಯಲ್ಲೇ ಉಳಿದರು. ನಾವಿಬ್ಬರು ಮರೆಯಲ್ಲಿ ಕೂರಲೆಂದು ಕಟ್ಟಿದ ತಗಡಿನ ಗೂಡಿನಲ್ಲಿ ಕಿಟಕಿಗೆ ಮುಖಮಾಡಿ ಕೂತೆವು. ಇಳಿಹೊತ್ತಿಗೆ, ಆಮಿಷಕ್ಕೆಂದು ಚೆಲ್ಲಿದ್ದ ಮೆಕ್ಕೆಜೋಳಕ್ಕೆ ಒಂದು ಸಣ್ಣ ಜಿಂಕೆ ಒಂಟಿಯಾಗಿ ಬಂತು. ತೀರಾ ಹತ್ತಿರ. ನಾನು ಆಂಟಿಯ ತೋಳು ತಟ್ಟಿದೆ.

"ಆಂಟಿ, ಹೊಡೀರಿ. ಕೊಂಬಿಲ್ಲ ಅದಕ್ಕೆ."

"ಕೊಂಬಿಲ್ಲ ಅಂದಮಾತ್ರಕ್ಕ ಹೆಣ್ಣೇನು?" ಎಂದು ಬೈನಾಕ್ಯುಲರ್ ನನ್ನ ಕೈಗಿತ್ತರು. "ಮೊದಲನೇದು, ಒಂದs ಬಂದೈತಿ. ನನಗ ಅಲ್ಲೇ ಸಂಶಯ. ಹೆಣ್ಣು ಮುಂದ ಯಾರನ್ನಾರ ಕಳಸ್ತಾವು, ತಾವು ಹಿಂದ ನಿಂತು ನೋಡ್ತಾವು. ಈಗ ಕಿವಿ ನಡುವಿನ ನೆತ್ತಿ ನೋಡು. ದುಂಡಗೈತೋ ಚಪ್ಪಟೈತೋ?"

ಚಪ್ಪಟೆಯಾಗಿತ್ತು. ಕೊಂಬು ಚರ್ಮದ ಕೆಳಗೆ ಅಂಗಿಯ ಗುಂಡಿಯಷ್ಟೇ ಇದ್ದ ಗಂಡುಮರಿ.

ಸ್ವಲ್ಪ ಹೊತ್ತಿಗೆ ಹೆಣ್ಣುಗಳ ಗುಂಪು ಬಂತು. ಎಲ್ಲಕ್ಕಿಂತ ಹಿಂದೆ, ಉದ್ದ ಮೂತಿಯ, ಬೆನ್ನು ಬಾಗಿದ ಒಂದು ಮುದಿ ಹೆಣ್ಣು. ಮರಿಯೊಂದೂ ಅದರ ಜೊತೆಗಿರಲಿಲ್ಲ. ಆಂಟಿ ಅದನ್ನು ನೋಡಿದ ರೀತಿ ಇನ್ನೂ ನೆನಪಿದೆ. ಆಸೆಯ ನೋಟವಲ್ಲ, ಬಾಗಿಲಿಗೆ ಬಂದ ಗುರುತಿಲ್ಲದವರನ್ನು ನೋಡುವಂಥ ನೋಟ. ಕೊನೆಗೆ ಗುಂಡು ಹಾರಿತು.

ಗೇಟಿನ ಬಳಿ ಆ ಮುದುಕ ಗಾಡಿಯ ಹಿಂದೆ ಬಂದು ಟಾರ್ಪಾಲು ಎತ್ತಿದ. ಅಂಕಲ್ ಕಡೆಗೊಮ್ಮೆ ಓರೆಗಣ್ಣಿನಿಂದ ನೋಡಿ, ಸತ್ತ ಜಿಂಕೆಯ ಹಣೆಯ ಕೂದಲೊಳಗೆ ಹೆಬ್ಬೆರಳು ಒತ್ತಿ ಕೊಂಬಿನ ಗುಂಡಿ ಇದೆಯೇ ಎಂದು ತಡವಿದ. ನನಗೆ ಅವಮಾನವೆನಿಸಿತು. ಆಂಟಿಗೆ ಖುಷಿ. "ಮುಟ್ಟಿ ನೋಡ್ತಾನ. ಚಲೋ ಮನಶ್ಯಾ" ಎಂದರು.

ಅಲ್ಲಿಂದ ಪ್ರತಿ ಚಳಿಗಾಲ ನಾನು ಜೊತೆಗಿದ್ದೆ. ಈ ನಡುವೆ ಆಂಟಿಯ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಸಾಸಿವೆ ಡಬ್ಬವನ್ನೂ ರಾಗಿ ಡಬ್ಬವನ್ನೂ ತೆರೆದು ಬೆರಳಲ್ಲಿ ಮುಟ್ಟಿ ನೋಡುವುದನ್ನು ಕಂಡಾಗ ನನಗೆ ಅನುಮಾನ ಬಂದಿತ್ತು.

ಕೊನೆಯ ಸಲ ಹೋದಾಗ ಬೇಟೆಯ ಕಾಲ ಮುಗಿಯುತ್ತ ಬಂದಿತ್ತು, ಫ್ರೀಜರ್ ಬರಿದಾಗಿತ್ತು. ಓಕ್ ಮರದ ನೆರಳಿಗೆ ಒಂದೇ ಒಂದು ಜಿಂಕೆ ಬಂದು ನಿಂತಿತು. ಕೊಂಬಿಲ್ಲ. ಆಂಟಿ ರೈಫಲ್ಲಿನ ದುರ್ಬೀನಿಗೆ ಕಣ್ಣಿಟ್ಟರು, ತೆಗೆದರು, ಒರೆಸಿಕೊಂಡರು, ಮತ್ತೆ ಇಟ್ಟರು.

"ತಂಗಿ, ನೆತ್ತಿ ನೋಡು."

ನೋಡಿದೆ. ನೆರಳು ಅಲುಗುತ್ತಿತ್ತು, ಅದು ಕಿವಿ ಬಡಿಯುತ್ತಿತ್ತು. ಅವರ ಖಾಲಿ ಫ್ರೀಜರ್ ನನ್ನ ಕಣ್ಣ ಮುಂದಿತ್ತು. "ದುಂಡಗಿದೆ ಅನ್ಸುತ್ತೆ, ಆಂಟಿ."

"ಅನಸ್ತೈತಿ?"

"ಹೂಂ. ಅನ್ಸುತ್ತೆ."

ಅವರು ರೈಫಲ್ ಇಳಿಸಿ ಗುಂಡುಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡರು. ಜಿಂಕೆ ನಿಧಾನವಾಗಿ ಜೋಳ ತಿಂದು ಹೋಯಿತು.

ಗೇಟಿನಲ್ಲಿ ಮುದುಕ ಎಂದಿನಂತೆ ಟಾರ್ಪಾಲಿಗೆ ಕೈಹಾಕಿದ. ಏನೂ ಇರಲಿಲ್ಲ. ಆಂಟಿ ಕೆಳಗಿಳಿದು, ತನ್ನ ಕಣ್ಣನ್ನು ಇನ್ನು ನಂಬಬೇಡ, ಮುಂದಿನ ವರ್ಷದಿಂದ ತನಗೆ ಗೇಟು ತೆರೆಯಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಟೋಪಿ ತೆಗೆದ. ತಾನೇ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇನೆ, ಬರಬೇಕು ಎಂದ. ಆಂಟಿ ಒಪ್ಪಲಿಲ್ಲ.

ಗಾಡಿಯಲ್ಲಿ ಅಂಕಲ್ ತಡೆಯಲಾರದೆ, "ಹೇಳಬಾರದಿತ್ತು. ಅವಗೇನ್ ಗೊತ್ತಾಗ್ತಿತ್ತು?" ಎಂದರು.

"ಅವಗ ಗೊತ್ತಾಗ್ತಿದ್ದಿಲ್ಲ. ಅದಕ್ಕs ಹೇಳಿದೆ."

ಹಿಂದಿನ ಸೀಟಿನಲ್ಲಿ ನಾನು ಅಳುತ್ತಿದ್ದೆ. ಖಂಡಿತ ಹೆಣ್ಣೇ ಎಂದಿದ್ದರೆ ಅವರಿಗೆ ಈ ವರ್ಷವಾದರೂ ಸಿಗುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆಂಟಿ ತಿರುಗದೆಯೇ ಹೇಳಿದರು: "ನೀ ಹೊಡೀರಿ ಅಂದಿದ್ರ ಹೊಡೀತಿದ್ದೆ. ಅನಸ್ತೈತಿ ಅಂದಿ. ಕಂಡಷ್ಟs ಅನ್ನಾಕ ನಿನ್ನ ಕರಕೊಂಡ ಬರತಿದ್ದೆ ನೋಡು."

ಆ ಬೇಸಿಗೆಯಲ್ಲಿ ಒಮ್ಮೆ ಮನಸ್ಸು ತಡೆಯದೆ ಅಂಗಡಿಯ ಮಟನ್ ತಂದು, ಅವರಿಗಿಷ್ಟವಾದಂತೆ ಖಾರ ಅರೆದು ಸಾರು ಮಾಡಿ ಒಯ್ದೆ. ಆಂಟಿ ಮುಚ್ಚಳ ತೆಗೆದು ಮೂಸಿದರು.

"ಇದನ್ನ ಆರಿಸಿದವರು ಯಾರು?"

"ಅಂಗಡಿಯವನೇ ಕತ್ತರಿಸಿ ಕೊಟ್ಟ, ಆಂಟಿ."

"ಕತ್ತರಿಸಿದವನ್ನ ನಾ ಕೇಳಲಿಲ್ಲ ತಂಗಿ. ಎಷ್ಟೋ ಕುರಿ ನಿಂತಿರತಾವು. ಅದರಾಗ ಇದs ಇರಲಿ ಅಂತ, ಮುಖ ನೋಡಿ ಆರಿಸಿದವರು ಯಾರು?"

ಅವರು ಪಾತ್ರೆಯನ್ನು ಮೆಲ್ಲಗೆ ಅಂಕಲ್ ಕಡೆಗೆ ಸರಿಸಿ, ತಟ್ಟೆಗೆ ಮೊಸರು ಹಾಕಿಕೊಂಡರು. ಮುಂದಿನ ವರ್ಷ ಕಾಯಿಲೆ ಕಿಡ್ನಿಗೂ ಹತ್ತಿ ತೀರಿಕೊಳ್ಳುವ ತನಕ ಮತ್ತೆ ಮಾಂಸ ಮುಟ್ಟಲಿಲ್ಲ.

ನಾನು ಮಾಂಸ ಬಿಟ್ಟಿಲ್ಲ. ಭಾನುವಾರ ಈಗಲೂ ತರುತ್ತೇನೆ, ತೊಳೆಯುತ್ತೇನೆ, ಒಲೆಗಿಡುತ್ತೇನೆ. ಮೊದಲ ಕುದಿ ಬಂದಾಗ ಆಂಟಿ ಕೇಳಿದ್ದನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲ ಎಂದುಕೊಂಡೇ ಉಪ್ಪು ಹಾಕುತ್ತೇನೆ.