ಇನ್ನೊಂದು ದಾರಿ

ಮಹಡಿಯಿಂದ ಟಿಣ್ ಟಿಣ್ ಎಂದು ಫೋನಿನ ಅಲಾರಂ ಕೇಳಿದರೆ, ಎಲ್ಲೋ ಇಂಟರ್ನೆಟ್ ಲೈನ್ ಬಿತ್ತು ಎಂದು ನನಗೂ ಗೊತ್ತಾಗುತ್ತಿತ್ತು. ಹೆಬ್ಬಾಳದ ನಮ್ಮ ಮನೆಯ ಮಹಡಿಯ ಬಾಡಿಗೆದಾರ ಇಂಟರ್ನೆಟ್ ಕಂಪನಿಯ ಎಂಜಿನಿಯರ್. ಕಾಫಿಗೆ ಬಂದರೆ ಟೇಬಲ್ ಮೇಲೆ ಬೆರಳಿನಿಂದ ಗೆರೆ ಎಳೆದು ಪಾಠ ಮಾಡುತ್ತಿದ್ದ.

"ಆಂಟಿ, ನಮ್ಮ ನೆಟ್‌ವರ್ಕ್ ಒಳಗಿನ ರೂಟರ್‌ಗಳು ನೀವು ಕಳಿಸೋ ಮೆಸೇಜಿನ ಪೂರ್ತಿ ಅಡ್ರೆಸ್ ಓದೋದೇ ಇಲ್ಲ. ಮೊದಲನೇದು ಲೇಬಲ್ ಅಂಟಿಸುತ್ತೆ. ಮುಂದಿನದು ಅದನ್ನಷ್ಟೇ ನೋಡಿ, ಬೇರೆ ಲೇಬಲ್ ಹಾಕಿ ಕಳಿಸುತ್ತೆ."

"ದಾರೀಲಿ ಕೇಬಲ್ ಕಟ್ ಆದ್ರೆ ಏನಪ್ಪಾ?"

"ಇನ್ನೊಂದು ದಾರಿ ಇದೆ ಆಂಟಿ. ಅದರ ಲೇಬಲ್ ಮೊದಲೇ ರೆಡಿ ಇರುತ್ತೆ."

ಮನೆಯಲ್ಲಿ ಗ್ಯಾಸ್ ಮುಗಿದರೂ ಅವನದು ಅದೇ ಮಾತು: ಇನ್ನೊಂದು ದಾರಿ ಇದೆ ಆಂಟಿ.

ಒಂದು ಬೆಳಿಗ್ಗೆ ನನ್ನ ಅಕ್ಕ ಧಾರವಾಡದ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದ್ದಳು. ಆಪರೇಷನ್‌ಗೆ ಒಯ್ಯುವ ಮುಂಚೆ, "ನಿಂಗೊಂದು ಮಾತು ಹೇಳ್ಬೇಕು ಕಣೇ" ಎಂದಳು. ತೆರೆದ ಬಾಯಿ ತೆರೆದಂತೆಯೇ ಸ್ಕ್ರೀನ್ ನಿಂತುಹೋಯಿತು. ಮೊಬೈಲ್ ಟವರ್‌ಗೂ ಅದೇ ಲೈನ್, ಅದೂ ಸತ್ತಿತ್ತು. ಮಹಡಿಯಲ್ಲಿ ಅಲಾರಂ ನಿಲ್ಲಲೇ ಇಲ್ಲ. ಅವನು ಬರಿಗಾಲಲ್ಲಿ ಮೇನ್ ರೋಡಿಗೆ ಓಡಿದ. ನಾನೂ ಹಿಂದೆ ಹೋದೆ.

ಸಂಜೆ ಲೈನ್ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ನಾನು ಧಾರವಾಡದಿಂದ ಮರಳಿದಾಗ ಅವನು ಮಹಡಿ ಖಾಲಿ ಮಾಡಿ ಹೋಗಿದ್ದ. ಹೀಗಾಗಿ ಅವನನ್ನು ಕೊನೆಯ ಸಲ ಕಂಡದ್ದು ಆ ಬೆಳಿಗ್ಗೆಯೇ, ಜೆಸಿಬಿ ತೋಡಿದ ಹಳ್ಳದಲ್ಲಿ. ಒಂದೊಂದು ಕೈಯಲ್ಲಿ ಒಂದೊಂದು ತುಂಡಾದ ಕೇಬಲ್.

"ಆಫೀಸಿನ ಸ್ಕ್ರೀನ್ ಮೇಲೆ ಎರಡು ದಾರಿ ಕಾಣ್ತಿತ್ತು ಆಂಟಿ. ಎರಡನ್ನೂ ಒಂದೇ ಪೈಪಲ್ಲಿ ಹಾಕ್ಬಿಟ್ಟಿದ್ದಾರೆ."

"ಅಕ್ಕ ಏನೋ ಹೇಳ್ತಿದ್ಲು ಕಣೋ," ಎಂದೆ.

ಅವನು ಬಾಯಿ ತೆರೆದ. "ಇನ್ನೊಂದು..." ಎಂದವನು ಕೇಬಲ್‌ಗಳನ್ನು ಕೆಳಗಿಟ್ಟು, ಮಣ್ಣಿನ ಮೇಲೆ ಬೆರಳಿನಿಂದ ಒಂದೇ ಒಂದು ಗೆರೆ ಎಳೆದ.