ಒಳಬಟ್ಟೆಗೊಂದು ಹಗ್ಗ

ಗಂಗಾವತಿಯ ನಮ್ಮ ಮನೆಯಲ್ಲಿ ಹೆಂಗಸರ ಒಳಬಟ್ಟೆ ಒಣಗುವುದು ಬಚ್ಚಲಿನ ಬಾಗಿಲ ಹಿಂದೆ. ಅಲ್ಲೊಂದು ಹಗ್ಗ, ಹಗ್ಗದ ಮೇಲೆ ಒಳಬಟ್ಟೆ, ಅದು ಕಾಣದ ಹಾಗೆ ಮೇಲೊಂದು ಒದ್ದೆ ಲಂಗ. ಇದು ನನ್ನ ಅತ್ತೆಯವರು ಹಾಕಿಕೊಟ್ಟ ಪದ್ಧತಿ. ಗಂಡಸರ ಬನಿಯನ್, ಚಡ್ಡಿಗಳು ಮಾತ್ರ ಮಾಳಿಗೆಯ ಮೇಲೆ ಓಣಿಗೆಲ್ಲ ಕಾಣುವಂತೆ ಹಾರಾಡುತ್ತವೆ. ಅದಕ್ಕೆ ಯಾರ ತಕರಾರೂ ಇಲ್ಲ.

ಹೋದ ಚಳಿಗಾಲದಲ್ಲಿ ಕುಷ್ಟಗಿಯಿಂದ ನನಗೆ ಸೊಸೆ ಬಂದಳು. ಅವಳ ಒಳಬಟ್ಟೆಗಳು ನಮ್ಮವುಗಳ ಹಾಗೆ ದಪ್ಪ ಹತ್ತಿಯವಲ್ಲ. ಜಾಲರಿ ಅಂಚಿನ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲದವು. ಮೊದಲ ವಾರವೇ ಅತ್ತೆಯವರು ಅವುಗಳಲ್ಲಿ ಒಂದನ್ನು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಸೀರೆ ಹಿಂಡಿದ ಹಾಗೆ ಹಿಂಡಿದರು. ಕೊಕ್ಕೆ ಸೊಟ್ಟಗಾಯಿತು, ಜಾಲರಿ ಕಿತ್ತು ಬಂತು. ಸೊಸೆ ಅಂದಿನಿಂದ ತಾನೇ ಒಗೆಯತೊಡಗಿದಳು. ತಣ್ಣೀರಿಗೆ ಎರಡು ಹನಿ ಶಾಂಪೂ. ಕೊಕ್ಕೆ ಹಾಕಿ ಮುಚ್ಚಿ ಅದ್ದುವುದು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯುವುದು. ಅಂಗೈಯಗಲದ ಬಟ್ಟೆಗೆ ಇಷ್ಟು ಉಪಚಾರವೇ ಎಂದು ನನಗೆ ರೇಗುತ್ತಿತ್ತು. ಕಪಾಟಿನಲ್ಲಿಯೂ ಅಷ್ಟೇ, ಮಡಚುವ ಹಾಗಿಲ್ಲ, ಒಂದರೊಳಗೊಂದು ಕೂರಿಸಿ ಸಾಲಾಗಿ ಇಡಬೇಕು. ಅದನ್ನು ಕಂಡ ಅತ್ತೆಯವರು, "ಏನವಾ, ಬಟ್ಟಲ ಜೋಡಿಸಿಟ್ಟಂಗ ಇಟ್ಟೀಯಲ್ಲ, ಪಾಯಸ ಬಡಸೂದ ಐತೇನು?" ಎಂದರು. ಹುಳ ಬೀಳದಿರಲೆಂದು ನಾನು ಒಣಗಿದ ಬೇವಿನೆಲೆ ಹಾಕಿದರೆ ಅದರ ಚೂರೆಲ್ಲ ಜಾಲರಿಗೆ ಸಿಕ್ಕಿಕೊಂಡು, ಕೂತು ಒಂದೊಂದಾಗಿ ಆರಿಸಬೇಕಾಯಿತು. ಆಮೇಲೆ ಎಲೆಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟೆ.

ಇಷ್ಟೆಲ್ಲ ಮಾಡಿಯೂ ಒಣಗಿಸುವುದು ಮಾತ್ರ ಅದೇ ಬಚ್ಚಲಲ್ಲಿ, ಅದೇ ಲಂಗದ ಕೆಳಗೆ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಮಂಗಳಾರತಿ ಹೊತ್ತಿನಲ್ಲಿ ಗಮನಿಸಿದೆ, ಅವಳ ಕೈ ಮತ್ತೆ ಮತ್ತೆ ಕುಪ್ಪಸದ ಕೆಳಗೆ ಹೋಗುತ್ತಿತ್ತು. ಕೇಳಿದರೆ ಸೆಕೆ ಎಂದಳು. ಒಳಗೆ ಕರೆದೊಯ್ದು ಬಲವಂತ ಮಾಡಿದಾಗ ತೋರಿಸಿದಳು. ಎದೆಯ ಕೆಳಗೆ ಪಟ್ಟಿ ಕೂರುವ ಜಾಗವೆಲ್ಲ ಕೆಂಪಗೆ ಸುಲಿದಿತ್ತು. ಮರುದಿನ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರಮ್ಮ ಬೈದದ್ದು ಅವಳನ್ನಲ್ಲ, ನನ್ನನ್ನು. ಹಸಿ ಬಟ್ಟೆ ಹಾಕಿಕೊಂಡರೆ ಎಷ್ಟು ಮುಲಾಮು ಹಚ್ಚಿದರೂ ಮಾಯುವುದಿಲ್ಲ, ಗಾಳಿ ಬೆಳಕಿನಲ್ಲಿ ಪೂರ್ತಿ ಒಣಗಿಸಿ ಎಂದರು. ಕೀವಾಗುವ ಮುಂಚೆ ಕಣ್ಣಿಗೆ ಬಿತ್ತಲ್ಲ, ಅದು ದೇವರ ದಯೆ.

ಮನೆಗೆ ಬಂದವಳೇ ಸೊಸೆ ಮೆಲ್ಲಗೆ ಹೇಳಿದಳು: "ಅತ್ತಿ, ಮಾಯೂ ತನಕ ನಾ ಕುಷ್ಟಗಿಗೆ ಹೋಗಿರ್ತೀನ್ರಿ. ಅಲ್ಲಿ ಹಿತ್ತಲ ಐತಿ. ಇಲ್ಲಿ ಒಣಗಿಸಾಕ ಜಾಗಾನ ಇಲ್ಲ."

ಇಷ್ಟು ದೊಡ್ಡ ಮಾಳಿಗೆ ಇಟ್ಟುಕೊಂಡು, ಮೈಗೆ ಅಂಟುವ ಒಂದು ಬಟ್ಟೆಗೆ ಜಾಗವಿಲ್ಲವೆಂದು ಮನೆಗೆ ಬಂದ ಹುಡುಗಿ ತವರಿಗೆ ಹೋಗುವುದೇ? ಅತ್ತೆಯವರ ಹತ್ತಿರ ಹೋಗಿ ಮಾಳಿಗೆಯ ಮೇಲೆ ಹಾಕುತ್ತೇವೆ ಎಂದೆ. ಅವರು ಜಪಮಾಲೆ ಕೆಳಗಿಟ್ಟರು.

"ಸೂರ್ಯನಾರಾಯಣಗ ತೋರಿಸೂವಂಥಾದ್ದೇನ ಅದು?"

"ಅವಗ ಗೊತ್ತಿಲ್ಲದ್ದು ಏನೈತ್ರಿ ಅತ್ತಿ? ಅವನಽ ಒಣಗಸ್ಬೇಕಲ್ಲ."

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಸಂಡಿಗೆ ಹಾಕುವ ಕಾಲ ಅದು. ನಮ್ಮಲ್ಲಿ ಅಕ್ಕಿ ಗಿರಣಿಗಳ ಕಪ್ಪು ಬೂದಿ ಗಾಳಿಯಲ್ಲಿ ಹಾರಿ ಬರುವುದರಿಂದ, ಸಂಡಿಗೆಯ ಚಾಪೆಯ ಮೇಲೆ ನಾಲ್ಕು ಇಟ್ಟಿಗೆಗೆ ಹಳೆಯ ತೆಳು ಧೋತರ ಎಳೆದು ಕಟ್ಟಿರುತ್ತೇವೆ. ಹಾಗೆಯೇ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿ, ಇನ್ನೊಂದು ಧೋತರ ಕಟ್ಟಿ, ಅದರಡಿ ಹರವಿದರೆ ಗಾಳಿಯೂ ಆಡುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರು. ನನಗೂ ಸರಿ ಎನಿಸಿತು. ಇಂಥ ನಾಜೂಕು ಬಟ್ಟೆಗೆ ಖಡಕ್ ಬಿಸಿಲು ಬೇಡ, ನೆರಳಿನ ಬಿಸಿಯೇ ಸಾಕು ಎಂದು ಸೊಸೆಯೂ ಒಪ್ಪಿದಳು.

ನಮ್ಮ ಮೂವರಿಗೂ ಹೊಳೆಯದೆ ಹೋದದ್ದು ಒಂದೇ. ನಮ್ಮ ಮನೆಯವರಿಗೆ ಅರೆ ಒಣಗಿದ ಸಂಡಿಗೆ ಎಂದರೆ ಪ್ರಾಣ. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವರು ಮೊದಲು ಮಾಳಿಗೆ ಹತ್ತಿ, ಧೋತರ ಸರಿಸಿ, ಎರಡು ಬಾಯಿಗೆ ಹಾಕಿಕೊಂಡೇ ಇಳಿಯುವುದು. ಹೊರಗಿನಿಂದ ಎರಡು ಚಾಪೆಯೂ ಒಂದೇ ತರಹ ಕಾಣುತ್ತಿದ್ದವು.

ಅವತ್ತು ಅವರು ಹತ್ತಿದಷ್ಟೇ ಬೇಗ ಇಳಿದು ಬಂದರು. ಕೈ ತೊಳೆದರು. ತಾಟಿನ ಮುಂದೆ ಕೂತು ರೊಟ್ಟಿ ಮುರಿದರು. ಒಂದು ರೊಟ್ಟಿ ಮುಗಿದ ಮೇಲೆ ತಾಟು ನೋಡುತ್ತಲೇ, "ಇನ್ನ ಮ್ಯಾಲ ಸಂಡಿಗಿ ಬೇಕಾದ್ರ ನಾ ಕೇಳೇ ತಗೊಂತೀನಿ" ಎಂದರು.

ಅಡುಗೆಮನೆಯಲ್ಲಿದ್ದ ಸೊಸೆಗೆ ಅದು ಕೇಳಿಸಿತು. ನಾನು ತಾಟು ಎತ್ತುವಷ್ಟರಲ್ಲಿ ಅವಳ ಬ್ಯಾಗು ಮಂಚದ ಮೇಲಿತ್ತು. ಮಾವನ ಮುಖ ಹೇಗೆ ನೋಡಲಿ ಎಂದು ಅಳು.

ಸಾಕಾಗಿ ಹೋಯಿತು. ಮಾಳಿಗೆಗೆ ಹೋಗಿ ಆ ಧೋತರ ಬಿಚ್ಚಿ ಎಸೆದೆ. ನೀರಿನ ಟಾಕಿಯಿಂದ ಮೆಟ್ಟಿಲ ಗೋಡೆಗೆ ಹೊಸ ಹಗ್ಗ ಕಟ್ಟಿದೆ. ಸೊಸೆಯವು, ನನ್ನವು ಎಲ್ಲ ಅಲ್ಲಿ ಹಾಕಿದೆ. ಕೆಳಗೆ ಬಂದು, ಮಧ್ಯಾಹ್ನ ನಾಲ್ಕರ ತನಕ ಗಂಡಸರು ಮಾಳಿಗೆ ಹತ್ತುವ ಹಾಗಿಲ್ಲ, ಮುಚ್ಚುಮರೆ ಮಾಡಿದ್ದಕ್ಕೇ ಇಷ್ಟೆಲ್ಲ ಆಯಿತು ಎಂದೆ. ಅತ್ತೆಯವರು ಜಪಮಾಲೆ ಎಣಿಸುತ್ತಲೇ ಕೇಳಿಸಿಕೊಂಡರು. ಎರಡು ದಿನ ನೋಡಿ ಹೋಗು ಎಂದು ಸೊಸೆಯನ್ನು ಹಿಡಿದು ನಿಲ್ಲಿಸಿದೆ.

ಮರುದಿನ ಟಾಕಿ ತುಂಬಿತೋ ಇಲ್ಲವೋ ನೋಡಲು ನಮ್ಮ ಮನೆಯವರು ಮರೆತು ಮೆಟ್ಟಿಲಿಗೆ ಕಾಲಿಟ್ಟರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅತ್ತೆಯವರು ಅಲ್ಲಿಂದಲೇ ಕೂಗಿದರು: "ಏ, ಎಲ್ಲಿ ಹೊಂಟಿ? ಮ್ಯಾಲ ಹೆಣ್ಮಕ್ಕಳ ಬಾಡಿ ಒಣಗಾಕತ್ಯಾವ, ಇಳಿ ಕೆಳಗ."

ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಬಾಳೆಕಾಯಿ ಗಾಡಿಯವನು ಗಾಡಿ ನಿಲ್ಲಿಸಿದ. ಇಷ್ಟು ವರ್ಷ ಲಂಗದ ಕೆಳಗೆ ಮುಚ್ಚಿಟ್ಟದ್ದನ್ನು ಆ ಪುಣ್ಯಾತ್ಗಿತ್ತಿ ಒಂದೇ ಮಾತಿನಲ್ಲಿ ಓಣಿಗೆಲ್ಲ ಹಂಚಿದರು. ನಾನು ಹಣೆ ಹಣೆ ಚಚ್ಚಿಕೊಂಡೆ. ಒಳಗೆ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನೆಲಕ್ಕೆ ಕೂತು ನಗುತ್ತಿದ್ದಳು.

ಸಂಜೆ ಅವಳೇ ಮೇಲೆ ಹೋಗಿ, ಒಂದೊಂದನ್ನೂ ಬೂದಿ ಕೊಡವಿ, ಒಣಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡಿ ತಂದಳು. ಮಂಚದ ಮೇಲಿನ ಬ್ಯಾಗು ಬಿಚ್ಚಿ, ಅದರಲ್ಲಿದ್ದ ಬಟ್ಟೆಯ ಜೊತೆ ಅವನ್ನೂ ಕಪಾಟಿಗೆ ಇಟ್ಟಳು.